ಎರಡನೆಯ ಗಾಜು

ಗಾಜು ಕತ್ತರಿಸುವವರು ಗೆರೆ ಎಳೆಯುವ ಮುನ್ನ ಕತ್ತರಿಸುವ ಮೊನೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿಕೊಳ್ಳುತ್ತಾರೆ. ಕಳೆದ ತಿಂಗಳು ಕುಷ್ಟಗಿಯಲ್ಲಿ ಖಾಜಾಸಾಹೇಬರ ಗಾಜಿನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಾಗ ಆ ವಾಸನೆ ಮೊದಲು ಎದುರಾಯಿತು. ಖಾಜಾಸಾಹೇಬರು ಆಮೇಲೆ ಕಂಡರು. ನಾವು ಕೊಪ್ಪಳಕ್ಕೆ ಮನೆ ಬದಲಿಸುವಾಗ ದೇವರ ಕೋಣೆಯ ಸೂರ್ಯನಾರಾಯಣನ ಚಿತ್ರಪಟದ ಗಾಜು ಬಿರುಕು ಬಿಟ್ಟಿತ್ತು. ಕೊಪ್ಪಳದಲ್ಲಿಯೂ ಗಾಜಿನ ಅಂಗಡಿಗಳಿವೆ. ಆದರೂ ಪಟವನ್ನು ಧೋತರದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಕುಷ್ಟಗಿಗೇ ಬಂದಿದ್ದೆ. ಅದಕ್ಕೆ ಕಾರಣವಾದದ್ದು ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಕುಷ್ಟಗಿಯ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು. ಆಗ ನಾನೂ ನನ್ನ ಪತ್ನಿ ರಮಾಬಾಯಿಯೂ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಾಡಿಗೆಯ ಮನೆಯೊಂದರಲ್ಲಿದ್ದೆವು. ಅದರ ಮಾಳಿಗೆ ವಿಶಾಲವಾಗಿತ್ತು. ಪೂರ್ವಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಬೆಳಗಿನ ಸಂಧ್ಯೆಯನ್ನು ನಾನು ಅಲ್ಲಿಯೇ ಮುಗಿಸಿ ಸೂರ್ಯನಿಗೆ ಅರ್ಘ್ಯ ಕೊಡುತ್ತಿದ್ದೆ. ಮಾಳಿಗೆಯ ನಡುವೆ ಹನ್ನೆರಡು ಅಂಗುಲದ ಒಂದು ಶಂಕು, ನೆರಳು ನೋಡುವ ಗೂಟ, ನೆಟ್ಟಿದ್ದೆ. ನಡುಹಗಲಿನಲ್ಲಿ ಅದರ ನೆರಳನ್ನು ಅಳೆದು ಬರೆದಿಡುವುದು ಇರಕಲ್ಲಗಡದಲ್ಲಿದ್ದ ನನ್ನ ತಂದೆಯವರ ನಿಯಮ. ಅವರ ಬಳಿಕ ನನ್ನದಾಯಿತು. ಆ ಅಳತೆಗಳಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಸೂರ್ಯನು ಬಂದು ಹೋದನೆಂಬುದಕ್ಕೆ ಮನೆಯಲ್ಲಿ ಒಂದು ಬರಹವಿರಲಿ ಎಂದಷ್ಟೇ ತಂದೆಯವರು ಹೇಳುತ್ತಿದ್ದರು.

ಯುಗಾದಿಯ ಮರುದಿನ ಖಾಜಾಸಾಹೇಬರು ಮಗಳೊಂದಿಗೆ ಮನೆಗೆ ಬಂದರು. ಮಗಳು ಶಾಹೀನ ಮೂರು ವರ್ಷ ನನ್ನ ತರಗತಿಯಲ್ಲಿ ಕುಳಿತು ಸಂಸ್ಕೃತ ಓದಿದವಳು. ಆಗ ದೂರದ ವಿಶ್ವವಿದ್ಯಾಲಯವೊಂದರಲ್ಲಿ ಭೌತಶಾಸ್ತ್ರದ ಸಂಶೋಧನೆಯ ಕೊನೆಯ ವರ್ಷದಲ್ಲಿದ್ದಳು. ತಂದೆಯ ಕೈಯಲ್ಲಿ ಎರಡು ಗಾಜಿನ ಹಾಳೆಗಳು, ಮಗಳ ಕೈಯಲ್ಲಿ ಒಂದು ಪೆಟ್ಟಿಗೆ. ನಮ್ಮ ಮಾಳಿಗೆಯ ಮೇಲೆ ಮಳೆಗಾಲದವರೆಗೆ ಇಷ್ಟು ಜಾಗ ಬೇಕೆಂದು ಕೇಳಿದರು. ಏತಕ್ಕೆಂದು ಕೇಳಿದಾಗ ಆಕೆ ಸ್ವಲ್ಪ ನಾಚಿಕೊಂಡು, ಮಂಗಳ ಗ್ರಹದ ನೆಲದ ಮೇಲೆ ಬಿಸಿಲು ಎಷ್ಟು ಬೀಳುತ್ತದೆಂದು ಲೆಕ್ಕ ಹಾಕಲಿಕ್ಕೆ ಎಂದಳು.

ರಮಾಬಾಯಿ ಒಳಗಿನಿಂದಲೇ, “ಇಲ್ಲಿ ಬೀಳೂ ಬಿಸಲು ಸಾಲಲಿಲ್ಲೇನು ನಿನಗ?” ಎಂದು ಕೇಳಿದಳು. ಮೂವರೂ ನಕ್ಕೆವು.

ಆಕೆ ವಿವರಿಸಿದ್ದನ್ನು ನಾನು ತಿಳಿದುಕೊಂಡ ಬಗೆ ಹೀಗಿದೆ. ಆ ಗ್ರಹದ ಗಾಳಿ ಬಹಳ ತೆಳು. ಆದರೆ ಅದರಲ್ಲಿ ಕೆಂಪು ಧೂಳು ಸದಾ ತೇಲುತ್ತಿರುತ್ತದೆ. ಸೂರ್ಯನ ಬೆಳಕು ಆ ಧೂಳಿನ ಪದರ ಪದರಗಳನ್ನು ದಾಟಿ ಇಳಿಯಬೇಕು. ಸ್ವಲ್ಪವನ್ನು ಧೂಳು ನುಂಗುತ್ತದೆ. ಸ್ವಲ್ಪ ದಿಕ್ಕು ತಪ್ಪಿ ಆಕಾಶದ ತುಂಬ ಚೆಲ್ಲಾಡಿ, ಎಲ್ಲ ಕಡೆಯಿಂದಲೂ ನೆಲಕ್ಕೆ ಬರುತ್ತದೆ. ಉಳಿದದ್ದು ನೇರವಾಗಿ ಮುಟ್ಟುತ್ತದೆ. ಈ ಮೂರನ್ನೂ ಗಣಿತದಲ್ಲಿ ಕಟ್ಟಿ, ಇಂಥ ದಿನ ಇಂಥ ಹೊತ್ತಿಗೆ ಇಷ್ಟು ಬೆಳಕು ಎಂದು ಹೇಳುವುದು ಆಕೆಯ ಕೆಲಸ. ಅಲ್ಲಿಗೆ ಹೋಗಿ ನೋಡಲಾಗದ ಕಾರಣ, ಕೆಂಪು ಮಣ್ಣಿನ ಒಣ ಗಾಳಿಯಿರುವ ನಮ್ಮ ಊರಿನಲ್ಲಿ ಆ ಲೆಕ್ಕವನ್ನು ಮೊದಲು ಪರೀಕ್ಷಿಸಬೇಕೆಂದು ಬಂದಿದ್ದಳು.

“ಇಲ್ಲಿ ತಪ್ಪಿದ್ರ ಅಲ್ಲೂ ತಪ್ಪತೈತಿ ಸರ” ಎಂದಳು.

ನನಗೆ ಮಂಗಳನು ಅಂಗಾರಕನಾಗಿ ಪರಿಚಿತನು. ಕೆಂಪು ಅವನ ಬಣ್ಣ, ತೊಗರಿ ಅವನ ಧಾನ್ಯ. ನವಗ್ರಹಗಳನ್ನು ಸ್ಮರಿಸುವಾಗ ಅವನಿಗೂ ದಿನವೂ ಒಂದು ನಮಸ್ಕಾರ ಸಲ್ಲುತ್ತಿತ್ತು. ಅವನಿಗೊಂದು ನೆಲವಿದೆ, ಆ ನೆಲಕ್ಕೂ ನಮ್ಮ ಈ ಸೂರ್ಯನೇ ಬೆಳಗಾಗಿಸುತ್ತಾನೆ ಎಂಬುದು ತಿಳಿಯದ ಸಂಗತಿಯೇನಲ್ಲ. ಆದರೆ ಅದುವರೆಗೆ ಕುಳಿತು ಯೋಚಿಸಿರಲಿಲ್ಲ. ಮಾಳಿಗೆಯ ಪೂರ್ವದ ಮೂಲೆಯನ್ನೇ ತೋರಿಸಿಕೊಟ್ಟೆ.

ಖಾಜಾಸಾಹೇಬರು ಎರಡು ಗಾಜುಗಳನ್ನೂ ಕಟ್ಟಿಗೆಯ ಚೌಕಟ್ಟುಗಳಲ್ಲಿ ಅಕ್ಕಪಕ್ಕ ಮಲಗಿಸಿ ಕೂಡಿಸಿದರು. ಒಂದೊಂದರ ಕೆಳಗೂ ಬೆಳಕನ್ನು ಅಳೆಯುವ, ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಕಣ್ಣು. ಅಳತೆಯೆಲ್ಲವೂ ಪೆಟ್ಟಿಗೆಯಲ್ಲಿ ತಾನೇ ದಾಖಲಾಗುತ್ತಿತ್ತು. ನನಗೆ ಒಪ್ಪಿಸಿದ ಸೇವೆ ಸಣ್ಣದು. ದಿನವೂ ಬೆಳಗ್ಗೆ ಎಡಗಡೆಯ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಬಲಗಡೆಯದನ್ನು ನಾನು ನೋಡುತ್ತಿರುವುದನ್ನು ಕಂಡು ಶಾಹೀನ, “ಅದು ಇರಲಿ ಬಿಡ್ರಿ ಸರ. ನೀವು ಒಂದನ್ನ ಒರಸಿದ್ರ ಸಾಕು” ಎಂದಳು.

ವಯಸ್ಸಾದ ಗುರುವಿಗೆ ಶಿಷ್ಯೆ ಹೇಳುವ ಉಪಚಾರದ ಮಾತೆಂದು ನಾನು ಭಾವಿಸಿದೆ. ನಮ್ಮ ಕಡೆ ಹಿರಿಯರು ಎರಡು ಕೊಡ ನೀರು ತರಲು ಎದ್ದರೆ ಕಿರಿಯರು ಒಂದು ಸಾಕು ಎನ್ನುತ್ತಾರೆ. ಹಿರಿಯರು ಎರಡನ್ನೂ ತರುತ್ತಾರೆ.

ಆ ಚೈತ್ರ ಎಂದಿನಂತೆ ಬಂದಿತು. ಜೋಳದ ರಾಶಿಗಳು ಮುಗಿದು ಹೊಲಗಳು ಬರಿದಾಗಿದ್ದವು. ಹತ್ತು ಗಂಟೆಯ ಮೇಲೆ ಗಾಳಿ ಎದ್ದರೆ ಊರಾಚೆಯ ಎರೆಯ ಕಪ್ಪು ನೆಲದಿಂದಲೂ ಮಸಾರಿಯ ಕೆಂಪು ನೆಲದಿಂದಲೂ ಮಣ್ಣು ಏಳುತ್ತಿತ್ತು. ನಾಲ್ಕು ದಾರಿ ಕೂಡುವ ಊರಾದ್ದರಿಂದ ಲಾರಿಗಳು ಎಬ್ಬಿಸಿದ ಧೂಳು ಅದಕ್ಕೆ ಸೇರುತ್ತಿತ್ತು. ಮೊದಲ ನಾಲ್ಕೈದು ದಿನ ನಾನು ಎಡಗಡೆಯ ಗಾಜನ್ನು ಮಾತ್ರ ಒರೆಸಿದೆ. ಅರ್ಘ್ಯ ಕೊಟ್ಟು ತಿರುಗಿದರೆ ಒಂದು ಹೊಳೆಯುತ್ತಿತ್ತು, ಇನ್ನೊಂದು ಮಂಕಾಗಿತ್ತು. ಎರಡೂ ಸೂರ್ಯನ ಬೆಳಕನ್ನು ಸ್ವೀಕರಿಸಲು ಕುಳಿತ ಪಾತ್ರೆಗಳು. ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತ ಇಬ್ಬರಲ್ಲಿ ಒಬ್ಬರಿಗೆ ತುಪ್ಪ ಬಡಿಸಿ ಇನ್ನೊಬ್ಬರನ್ನು ದಾಟಿ ಹೋಗುವುದನ್ನು ಪಂಕ್ತಿಭೇದವೆಂದು ನಮ್ಮಲ್ಲಿ ದೊಡ್ಡ ದೋಷವಾಗಿ ಎಣಿಸುತ್ತಾರೆ. ನನಗೆ ಆ ಮಂಕಾದ ಗಾಜಿನ ಮುಂದೆ ಹಾಗೆಯೇ ಅನ್ನಿಸುತ್ತಿತ್ತು. ಆರನೆಯ ದಿನ ಅದರ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿತ್ತು. ಅದನ್ನು ತೊಳೆದೆ, ತೊಳೆದ ಮೇಲೆ ಪೂರ್ತಿ ಒರೆಸಿದೆ. ಆ ದಿನದಿಂದ ಎರಡನ್ನೂ ಒರೆಸುವುದು ನಿತ್ಯದ ಕ್ರಮವಾಯಿತು. ಮಡಿಯ ಪಂಚೆಯ ಒಂದು ತುಂಡನ್ನು ಅದಕ್ಕೆಂದೇ ಬೇರೆ ಇಟ್ಟಿದ್ದೆ. ಹೆಚ್ಚಿನ ಸೇವೆಯನ್ನು ಹೇಳಿಕೊಳ್ಳಬಾರದೆಂಬ ಸಂಸ್ಕಾರದಿಂದ ಯಾರಿಗೂ ಹೇಳಲಿಲ್ಲ.

ಶಾಹೀನ ಎರಡು ವಾರಕ್ಕೊಮ್ಮೆ ಬಂದು ಪೆಟ್ಟಿಗೆಯಲ್ಲಿದ್ದ ಅಳತೆಗಳನ್ನು ತೆಗೆದುಕೊಂಡು ಹೋಗುತ್ತಿದ್ದಳು. ಆಕೆ ಬರುವ ಬಸ್ಸು ಬಿಸಿಲೇರಿದ ಮೇಲೆ ಬರುತ್ತಿತ್ತು. ಅಷ್ಟರಲ್ಲಿ ಎರಡು ಗಾಜಿನ ಮೇಲೂ ಆ ದಿನದ ತೆಳುವಾದ ಮಣ್ಣು ಕುಳಿತಿರುತ್ತಿತ್ತು. ಗಾಜನ್ನು ಆಕೆ ಹತ್ತಿರದಿಂದ ನೋಡುತ್ತಿರಲಿಲ್ಲ. ನನ್ನ ಮೇಲೆ ನಂಬಿಕೆಯಿತ್ತು.

ವೈಶಾಖದ ಆರಂಭದಲ್ಲಿ ನಮ್ಮ ಊರಿಗೆ ನೆರಳಿಲ್ಲದ ದಿನವೊಂದು ಬರುತ್ತದೆ. ಅಲ್ಲಿಯವರೆಗೆ ಶಂಕುವಿನ ಉತ್ತರಕ್ಕೆ ಬೀಳುತ್ತಿದ್ದ ನಡುಹಗಲಿನ ನೆರಳು ಗಿಡ್ಡವಾಗುತ್ತ ಬಂದು, ಒಂದು ದಿನ ಬುಡದಲ್ಲಿ ಅಡಗಿ, ಮುಂದೆ ದಕ್ಷಿಣಕ್ಕೆ ಹೊರಳುತ್ತದೆ. ಆ ದಿನ ಶಾಹೀನಳೂ ಮಾಳಿಗೆಯ ಮೇಲಿದ್ದಳು. ಅದರ ಹಿಂದಿನ ವಾರ ಗಾಳಿ ಜೋರಾಗಿ ಆಕಾಶವೆಲ್ಲ ಕಂದಿತ್ತು. ಅಂಥ ದಿನಗಳಲ್ಲಿ ನೆರಳಿನ ಅಂಚು ಮಾಸುತ್ತದೆ, ಎಲ್ಲಿ ಮುಗಿಯಿತೆಂದು ಹೇಳುವುದು ಕಷ್ಟ, ಆದರೂ ನೆಲದ ಮೇಲಿನ ಬೆಳಕು ಅಷ್ಟೊಂದು ಕಡಿಮೆಯಾಗುವುದಿಲ್ಲ, ಇದೇಕೆಂದು ಕೇಳಿದೆ. ಆಕೆಗೆ ಸಂತೋಷವಾಯಿತು. ನೇರವಾಗಿ ಬರುವುದು ತಗ್ಗಿದಷ್ಟೂ ಚೆಲ್ಲಿ ಬರುವುದು ಹೆಚ್ಚುತ್ತದೆ, ಅದಕ್ಕೇ ನೆರಳು ಅಳಿಯುತ್ತದೆ, ಅಲ್ಲಿ ಧೂಳಿನ ಬಿರುಗಾಳಿ ಎದ್ದರೆ ಸೂರ್ಯನ ಬಿಂಬ ಕಾಣದಿದ್ದರೂ ಆಕಾಶವೆಲ್ಲ ಮಂದವಾಗಿ ಬೆಳಗುತ್ತಿರುತ್ತದೆ ಎಂದಳು. ನೆರಳಿನ ಅಂಚು ಮಾಸಿದ ದಿನಗಳನ್ನು ನಾನು ಬರೆದಿಟ್ಟ ವಹಿಯನ್ನು ನೋಡಿ, ಅದನ್ನು ಕೆಲ ದಿನ ಕೊಡುತ್ತೀರಾ ಎಂದು ಕೇಳಿ ಪಡೆದುಕೊಂಡಳು. ಬಿಂಬ ಮರೆಯಾದಾಗಲೂ ಬೆಳಕು ಎಲ್ಲ ದಿಕ್ಕಿನಿಂದ ಬರುತ್ತದೆಂಬ ಮಾತನ್ನು ನಾನು ಆ ಸಂಜೆಯ ಜಪದಲ್ಲಿ ಬಹಳ ಹೊತ್ತು ಇಟ್ಟುಕೊಂಡಿದ್ದೆ.

ಆರು ವಾರ ಕಳೆದ ಮೇಲೆ ಆಕೆ ಒಂದು ವಾರ ತಂದೆಯ ಮನೆಯಲ್ಲಿಯೇ ಕುಳಿತು ಬರೆಯಲು ಬಂದಳು. ಬಂದ ದಿನವೇ ಒಂದು ಹಾಳೆ ಹಿಡಿದು ಮನೆಗೆ ಬಂದಳು. ರಮಾಬಾಯಿ ಮಜ್ಜಿಗೆ ಕೊಟ್ಟಳು. ಹಾಳೆಯ ಮೇಲೆ ಎರಡು ಗೆರೆಗಳು, ಒಂದು ಕೆಂಪು, ಒಂದು ನೀಲಿ. ಮೊದಲ ಐದು ದಿನ ಕೂದಲೆಳೆಯಷ್ಟು ಅಗಲಿ, ಆಮೇಲೆ ಒಂದೇ ಗೆರೆಯೆಂಬಂತೆ ಕೂಡಿ ನಡೆದಿದ್ದವು.

ಅಂದು ಆಕೆ ಎರಡನೆಯ ಗಾಜು ಏತಕ್ಕಿತ್ತೆಂದು ಹೇಳಿದಳು. ಆ ಗ್ರಹದಲ್ಲಿ ಇಳಿದ ಯಂತ್ರಗಳ ಗಾಜನ್ನು ಒರೆಸುವವರು ಯಾರೂ ಇಲ್ಲ. ಬೆಳಕು ತಗ್ಗಿತೆಂದು ಯಂತ್ರ ತಿಳಿಸಿದರೆ, ಧೂಳು ಗಾಳಿಯಲ್ಲಿದೆಯೋ ಗಾಜಿನ ಮೇಲೆ ಕುಳಿತಿದೆಯೋ ಎಂಬುದನ್ನು ಬೇರ್ಪಡಿಸಬೇಕು. ಒಂದನ್ನು ಒರೆಸಿ ಒಂದನ್ನು ಹಾಗೆಯೇ ಬಿಟ್ಟರೆ, ಎರಡರ ನಡುವಿನ ಅಂತರವೇ ಕುಳಿತ ಧೂಳಿನ ಪಾಲು. ಅಂತರವೇ ಕಾಣಲಿಲ್ಲವಾದ್ದರಿಂದ ಇಷ್ಟು ಸಣ್ಣ ಧೂಳು ಗಾಜಿನ ಮೇಲೆ ನಿಲ್ಲದೆ ಗಾಳಿಗೆ ಹಾರಿಹೋಗುತ್ತದೆಂದು ಆಕೆ ತೀರ್ಮಾನಿಸಿದ್ದಳು. ಹೀಗಾಗಿ ಆ ಪಾಲನ್ನು ಲೆಕ್ಕದಿಂದಲೇ ಕೈಬಿಡಬಹುದೆಂದು ಮಾರ್ಗದರ್ಶಕರೂ ಒಪ್ಪಿದ್ದರು. ಸೋಮವಾರ ಆ ಅಧ್ಯಾಯವನ್ನು ಕಳುಹಿಸಿದರೆ ಪ್ರಬಂಧ ಮುಗಿದಂತೆ. ಇಲ್ಲವಾದರೆ ಮತ್ತೆ ಧೂಳಿನ ಕಾಲಕ್ಕೆ ಮುಂದಿನ ಯುಗಾದಿ ಬರಬೇಕು, ಆಕೆಗೆ ಕೊಟ್ಟ ಅವಧಿ ಅಷ್ಟು ದೂರ ಇರಲಿಲ್ಲ.

ಹಾಳೆಯನ್ನು ನಾನು ಮಡಿಚಿ ಕೊಟ್ಟೆ. ಆಶೀರ್ವಾದವನ್ನೂ ಮಾಡಿದೆ. ಆ ಗೆರೆಗಳನ್ನು ಕೂಡಿಸಿದ್ದು ನನ್ನ ಮಡಿಯ ಬಟ್ಟೆಯೆಂದು ಹೇಳಲಿಲ್ಲ.

ಮೂರು ದಿನ ಹೀಗೆಯೇ ಹೋದವು, ಎರಡು ಗಾಜುಗಳೂ ಒರೆಸದೆ ಉಳಿದವು. ನನ್ನಲ್ಲಿ ನಡೆದ ವಾದಗಳನ್ನು ವಿಸ್ತರಿಸುವ ಅಗತ್ಯವಿಲ್ಲ. ಬೇರೊಂದು ಗ್ರಹದ ಧೂಳು ಗಾಜಿನ ಮೇಲೆ ಕುಳಿತರೇನು ಬಿಟ್ಟರೇನು ಎಂಬುದು ಅವುಗಳಲ್ಲಿ ಒಂದು. ನಲವತ್ತು ವರ್ಷ ಮಕ್ಕಳ ತಪ್ಪುಗಳಿಗೆ ಕೆಂಪು ಗುರುತು ಹಾಕಿದವನಿಗೆ ಶಿಷ್ಯೆಯ ಮುಂದೆ ನಿಲ್ಲಲು ಕಾಲು ಬರಲಿಲ್ಲವೆಂಬುದು ನಿಜವಾದ ಕಾರಣ. ರಮಾಬಾಯಿಗೆ ವಿಷಯ ತಿಳಿಯದು. “ಆ ಹುಡುಗಿ ಮಜ್ಜಿಗಿ ಕುಡುದು ಹೋದಾಗಿಂದ ನೀವು ಕಷಾಯ ಕುಡುದವರಂಗ ಕೂತೀರಲ್ಲ” ಎಂದಳು.

ನಾಲ್ಕನೆಯ ದಿನ ಬೆಳಗ್ಗೆ, ನಾನು ಎರಡನ್ನೂ ಒರೆಸಲಾರದೆ, ಒಂದನ್ನಷ್ಟೇ ಒರೆಸಲೂ ಆಗದೆ ನಿಂತಿದ್ದಾಗ ಖಾಜಾಸಾಹೇಬರು ಮಾಳಿಗೆ ಹತ್ತಿ ಬಂದರು. ಚೌಕಟ್ಟಿನ ಮೂಲೆ ಸಡಿಲಾಗಿದೆಯೆಂದು ಮಗಳು ಹೇಳಿದ್ದಳಂತೆ. ಅವರು ಮೂಲೆಗೆ ಮೊಳೆ ಹೊಡೆದರು. ಬಳಿಕ ಅಭ್ಯಾಸದಂತೆ ಬಗ್ಗಿ, ಕೆನ್ನೆಯನ್ನು ಗಾಜಿನ ಮಟ್ಟಕ್ಕೆ ತಂದು, ಬೆಳಕಿಗೆ ಓರೆಯಾಗಿ ಎಡಗಡೆಯದನ್ನು ನೋಡಿದರು, ಬಲಗಡೆಯದನ್ನು ನೋಡಿದರು. ಮತ್ತೊಮ್ಮೆ ಬಲಗಡೆಯದನ್ನು ನೋಡಿದರು. ಒದ್ದೆ ಬಟ್ಟೆ ಸುತ್ತಿ ಸುತ್ತಿ ಬಿಟ್ಟ ಬಳೆಯಂಥ ಗುರುತುಗಳು ಮೂರು ದಿನದ ಧೂಳಿನ ಅಡಿಯಲ್ಲಿಯೂ ಅವರ ಕಣ್ಣಿಗೆ ಮರೆಯಾಗಿರಲಿಲ್ಲ.

ಎದ್ದು ನಿಂತು ಮೊಣಕಾಲು ಝಾಡಿಸಿಕೊಂಡರು.

“ಕೈ ಭಾಳ ಹಗೂರ ಐತ್ರಿ ನಿಮ್ದು, ಆಚಾರ್ರ. ಒಂದು ಗೀರು ಬಿದ್ದಿಲ್ಲ.”

ನಾನು ಕೈಯಲ್ಲಿದ್ದ ಬಟ್ಟೆಯ ತುಂಡನ್ನು ಮಡಿಚಿದೆ.

“ನಾ ಆಕಿಗೆ ಹೇಳಂಗಿಲ್ರಿ” ಎಂದರು. ಸುತ್ತಿಗೆಯನ್ನು ಚೀಲಕ್ಕೆ ಹಾಕಿದರು. “ನಾ ಹೇಳಿದ್ರ ಆಕಿಗೆ ಗ್ಲಾಸಿನ ಸುದ್ದಿ ಗೊತ್ತಾಕ್ಕೈತಿ, ಅಷ್ಟ. ನೀವು ಹೇಳಿದ್ರ ಬ್ಯಾರೆ.”

ಅವರು ಇಳಿದು ಹೋದ ಮೇಲೆ ನಾನು ಮೇಲುಹೊದಿಕೆ ಹೊದ್ದು ಅವರ ಹಿಂದೆಯೇ ಹೊರಟೆ. ಅಂಗಡಿಯ ಹಿಂಭಾಗದಲ್ಲಿಯೇ ಅವರ ಮನೆ. ಶಾಹೀನ ಅಂಗಡಿಯ ಒಂದು ಮೂಲೆಯಲ್ಲಿ, ಕತ್ತರಿಸಿಟ್ಟ ಗಾಜುಗಳ ಮಗ್ಗುಲಲ್ಲಿ ಕುಳಿತು ಬರೆಯುತ್ತಿದ್ದಳು. ನನ್ನನ್ನು ಕಂಡು ಎದ್ದಳು. ಖಾಜಾಸಾಹೇಬರು ಬೆನ್ನು ತಿರುಗಿಸಿ ಯಾವುದೋ ಗಾಜಿನ ಮೇಲೆ ಗೆರೆ ಎಳೆಯತೊಡಗಿದರು. ಅಂಗಡಿಯಲ್ಲೆಲ್ಲ ಸೀಮೆಎಣ್ಣೆಯ ವಾಸನೆ.

ನಾನು ಕುಳಿತುಕೊಳ್ಳಲಿಲ್ಲ. “ಎರಡನೇ ಗಾಜನ್ನೂ ನಾ ಒರಸೇನಿ, ಶಾಹೀನ. ಆರನೇ ದಿನದಿಂದ.”

“ದಿನಾ?”

“ದಿನಾ.”

ಆಕೆ ತನ್ನ ಹಾಳೆಯನ್ನು ನೋಡಿದಳು. “ಅದಕ್ಕ ಆರನೇ ದಿನ ಕೂಡ್ಯಾವ” ಎಂದಳು. ಸಿಟ್ಟಿನ ಧ್ವನಿಯಾಗಿರಲಿಲ್ಲ, ಎಲ್ಲಿ ತಪ್ಪಿತೆಂದು ಹುಡುಕುತ್ತಿದ್ದ ಲೆಕ್ಕದಲ್ಲಿ ಜಾಗ ಸಿಕ್ಕವರ ಧ್ವನಿ. ಹಾಳೆಯನ್ನು ಕೆಳಗಿಟ್ಟು, “ತಪ್ಪು ನಂದ ಐತ್ರಿ ಸರ. ಮುಟ್ಟಬ್ಯಾಡ್ರಿ ಅಂತ ನಿಮಗ ಹೇಳಾಕ ನನಗ ಬಾಯಿ ಬರಲಿಲ್ಲ” ಎಂದಳು.

“ಒರಸಿದ್ದು ಅದಕ್ಕ ಇರಬಹುದು. ಮೂರು ದಿನ ಬಾಯಿ ಮುಚ್ಚಿಕೊಂಡು ಕೂತದ್ದು ಮಾತ್ರ ನಂದ.”

ಖಾಜಾಸಾಹೇಬರು ಎಳೆದ ಗೆರೆಯ ಮೇಲೆ ಗಾಜು ಟಕ್ಕೆಂದು ಮುರಿಯಿತು. ಆಕೆ ಬರೆದಿದ್ದ ಅಧ್ಯಾಯವನ್ನು ಮಡಿಚಿ ಚೀಲದಲ್ಲಿಟ್ಟಳು. ಬಳಿಕ ಪಂಚಾಂಗದ ಪ್ರಕಾರ ರೋಹಿಣಿ ಮಳೆ ಯಾವ ದಿನ ಹೂಡುತ್ತದೆಂದು ಕೇಳಿದಳು. ಹೇಳಿದೆ. ಉಳಿದ ಒಣ ದಿನಗಳನ್ನು ಬೆರಳು ಮಡಿಚಿ ಎಣಿಸಿ, “ಮಳಿ ತಡದ್ರ ಸಾಕ್ರಿ” ಎಂದಳು.

ಅಂದಿನಿಂದ ಬಲಗಡೆಯ ಗಾಜನ್ನು ಯಾರೂ ಮುಟ್ಟಲಿಲ್ಲ. ನನಗೆ ಅದು ಸುಲಭವಾಗಿರಲಿಲ್ಲ. ಅರ್ಘ್ಯದ ನೀರು ಸಿಡಿಯದಂತೆ ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ಸರಿದು ನಿಂತೆ. ಎಂದೂ ಬದಲಿಸದ ಜಾಗವದು. ಗಾಜು ಮೊದಲು ಮಂಕಾಯಿತು, ಆಮೇಲೆ ಕೆಂಪಾಯಿತು. ಒಂದನ್ನು ಒರೆಸಿ ಇನ್ನೊಂದನ್ನು ದಾಟಿ ಬರುವಾಗ ದಿನವೂ ಮನಸ್ಸಿನಲ್ಲಿ ಕ್ಷಮೆ ಕೇಳುತ್ತಿದ್ದೆ. ಅಷ್ಟರಲ್ಲಿ ವಿಷಯ ತಿಳಿದಿದ್ದ ರಮಾಬಾಯಿ ನನ್ನ ಮಡಿಯ ಬಟ್ಟೆಯ ತುಂಡನ್ನು ಅರ್ಧಕ್ಕೆ ಹರಿದಿಟ್ಟು, “ಒಂದಕ್ಕ ಇಷ್ಟ ಸಾಕು” ಎಂದಳು.

ರೋಹಿಣಿ ಹೂಡಿದ ಮೇಲೂ ಒಂದು ವಾರ ಒಣ ಗಾಳಿಯೇ ಬೀಸಿತು. ಮಳೆ ಬಂದರೆ ಧೂಳಿರುವ ಗಾಜನ್ನು ಹಾಗೆಯೇ ಉಳಿಸಿಕೊಡಬೇಕೆಂದು, ಪ್ರಯೋಗಶಾಲೆಯಲ್ಲಿ ಅದರ ಮೂಲಕ ಎಷ್ಟು ಬೆಳಕು ದಾಟುತ್ತದೆಂದು ನೋಡಬೇಕೆಂದು ಶಾಹೀನ ಹೇಳಿ ಹೋಗಿದ್ದಳು. ಒಂದು ಮಧ್ಯಾಹ್ನ ಪಡುವಣದಲ್ಲಿ ಮೋಡ ಕಟ್ಟಿತು. ನಾನು ಮಾಳಿಗೆ ಹತ್ತುವಷ್ಟರಲ್ಲಿ ಗಾಳಿ ತಂಪಾಗಿತ್ತು. ಚೌಕಟ್ಟನ್ನು ಬಿಡಿಸಿ ಗಾಜನ್ನು ಎರಡು ಅಂಗೈಗಳ ಮೇಲೆ ಮಟ್ಟವಾಗಿ ಎತ್ತಿದೆ. ಓರೆಯಾದರೆ ಧೂಳು ಜಾರುತ್ತದೆ, ಓಡಿದರೆ ಹಾರುತ್ತದೆ. ಮೊದಲ ಹನಿಗಳು ಬೆನ್ನಿನ ಮೇಲೆ ಬಿದ್ದಾಗ ಬಗ್ಗಿ ಅದಕ್ಕೆ ಮೈಯನ್ನೇ ಮರೆ ಮಾಡಿದೆ. ಹದಿನಾಲ್ಕು ಮೆಟ್ಟಿಲುಗಳನ್ನು, ತುಂಬಿದ ನೈವೇದ್ಯದ ತಟ್ಟೆ ಹಿಡಿದು ಇಳಿಯುವಂತೆ ಒಂದೊಂದಾಗಿ ಇಳಿದೆ. ರಮಾಬಾಯಿ ಕೆಳಗೆ ಬಾಗಿಲು ತೆರೆದು ಹಿಡಿದಿದ್ದಳು. ದೇವರ ಕೋಣೆಯ ಮಣೆಯ ಮೇಲೆ ಅದನ್ನು ಇಳಿಸಿದಾಗ ಒಂದು ಮೂಲೆಯಲ್ಲಿ ಮಾತ್ರ ಒಂದು ಹನಿ ಬಿದ್ದ ಗುರುತಿತ್ತು.

ಈ ಸಲದ ಹಾಳೆಯಲ್ಲಿ ಎರಡು ಗೆರೆಗಳೂ ಅಗಲಿದ್ದವು. ಕುಳಿತ ಧೂಳಿನ ಪಾಲು ಆಕೆಯ ಲೆಕ್ಕಕ್ಕೆ ಮರಳಿ ಸೇರಿತು. ಅದನ್ನು ಸೇರಿಸಿ ಎಲ್ಲವನ್ನೂ ಮೊದಲಿನಿಂದ ಮಾಡಲು ಆರು ತಿಂಗಳು ಹಿಡಿಯಿತು. ಅವಧಿ ಮೀರಿದ್ದಕ್ಕೆ ಆಕೆ ಅರ್ಜಿ ಬರೆದು, ಕಾರಣ ತಿಳಿಸಿ, ಒಪ್ಪಿಗೆಗಾಗಿ ಕಾಯಬೇಕಾಯಿತು. ಆ ವರ್ಷ ಕರೆದಿದ್ದ ಒಂದು ಹುದ್ದೆ ಕೈತಪ್ಪಿತೆಂದು ಬಹಳ ದಿನಗಳ ಮೇಲೆ ಬೇರೆಯವರಿಂದ ತಿಳಿಯಿತು. ಆಕೆ ನನಗೆ ಹೇಳಿರಲಿಲ್ಲ. ಪ್ರಬಂಧದ ಒಂದು ಪ್ರತಿಯನ್ನು ತಂದುಕೊಟ್ಟು, ಒಂದು ಪುಟವನ್ನು ತೆರೆದು, ಅಲ್ಲಿರುವ ವಾಕ್ಯವನ್ನು ಕನ್ನಡದಲ್ಲಿ ಓದಿ ಹೇಳಿದಳು. ಮೊದಲ ವಾರಗಳಲ್ಲಿ ಗಾಜುಗಳನ್ನು ನೋಡಿಕೊಳ್ಳುತ್ತಿದ್ದವರು ಬೆಳಗಿನ ಪೂಜೆಯ ಸಂಗಡ ಎರಡನ್ನೂ ಒರೆಸುತ್ತಿದ್ದರು, ಅದನ್ನು ಅವರೇ ತಿಳಿಸಿದರು, ಆ ದಿನಗಳ ಅಳತೆಯನ್ನು ಶುದ್ಧ ಗಾಜಿನ ಅಳತೆಯೆಂದು ಇಟ್ಟುಕೊಳ್ಳಲಾಗಿದೆ ಎಂದು ಅಲ್ಲಿತ್ತು. ಮೂರು ದಿನಗಳ ಮಾತು ಅದರಲ್ಲಿ ಇರಲಿಲ್ಲ. ಈಗ ಆಕೆ ಬೇರೊಂದು ಊರಿನಲ್ಲಿ ಅದೇ ಕೆಲಸದಲ್ಲಿದ್ದಾಳೆ.

ಕಳೆದ ತಿಂಗಳು ಖಾಜಾಸಾಹೇಬರು ನನ್ನ ಪಟದ ಅಳತೆ ತೆಗೆದುಕೊಂಡು ಹೊಸ ಗಾಜು ಕತ್ತರಿಸಿದರು. ಕೂಡಿಸುವ ಮೊದಲು, “ಒಂದು ತೋರಸ್ತೀನಿ ತಡೀರಿ” ಎಂದು ಒಳಗಿನಿಂದ ಒಂದು ಚಪ್ಪಟೆ ಪೆಟ್ಟಿಗೆ ತಂದು ಮುಚ್ಚಳ ತೆಗೆದರು. ಪ್ರಯೋಗಶಾಲೆಯಿಂದ ಮರಳಿ ಬಂದ ಎರಡನೆಯ ಗಾಜು. ಆ ವೈಶಾಖದ ಮಣ್ಣು ಹಾಗೆಯೇ ಇತ್ತು. ಮೂಲೆಯಲ್ಲಿ ಆ ಒಂದು ಹನಿಯ ಗುರುತೂ ಇತ್ತು. ಪೆಟ್ಟಿಗೆಯನ್ನು ಬಾಗಿಲ ಬಿಸಿಲಿಗೆ ತಂದು, ಗಾಜನ್ನು ಅಂಚು ಹಿಡಿದು ಎತ್ತಿ, ಅದರ ಕೆಳಗೆ ನನ್ನ ಅಂಗೈ ಚಾಚಿದೆ. ಬೆಳಕು ಮಂದವಾಗಿ, ತುಸು ಕೆಂಪಾಗಿ ಕೈಯ ಮೇಲೆ ಬಿದ್ದಿತು. ಅಂಗಾರಕನ ನೆಲದ ಮೇಲೆ ಬೆಳಗಾಗುವುದು ಹೀಗೆ ಇರಬಹುದು. ಶಾಹೀನಳ ಲೆಕ್ಕ ಬಲ್ಲವರು ಖಚಿತವಾಗಿ ಹೇಳಬಲ್ಲರು. ಗಾಜನ್ನು ಪೆಟ್ಟಿಗೆಯಲ್ಲಿಟ್ಟು ಕೈಮುಗಿದೆ.

ಖಾಜಾಸಾಹೇಬರು ಮಗಳ ಸುದ್ದಿ ಹೇಳುತ್ತ ಪಟದ ಹೊಸ ಗಾಜನ್ನು ಒರೆಸತೊಡಗಿದರು. ಸೂರ್ಯನಾರಾಯಣನ ಏಳು ಕುದುರೆಗಳೂ ನಿಚ್ಚಳವಾಗಿ ಕಂಡವು. ಮಾತು ಮುಂದುವರಿದಿತ್ತು, ಐವತ್ತು ವರ್ಷ ಗಾಜು ಒರೆಸಿದ ಕೈ ತನ್ನಷ್ಟಕ್ಕೆ ಪಕ್ಕದಲ್ಲಿ ತೆರೆದಿದ್ದ ಪೆಟ್ಟಿಗೆಯ ಗಾಜಿನ ಕಡೆಗೆ ಚಾಚಿತು. ಬಟ್ಟೆ ಮುಟ್ಟುವ ಮುನ್ನ ನಾನು ಅವರ ಮಣಿಕಟ್ಟು ಹಿಡಿದುಕೊಂಡೆ.

“ಅದು ಇರಲಿ ಬಿಡ್ರಿ, ಖಾಜಾಸಾಬ್ರ” ಎಂದೆ. “ಒಂದನ್ನ ಒರಸಿದ್ರ ಸಾಕು.”